ತಟ್ಟೆಗೆ ಬಾರದೆಯೂ ಹೊಟ್ಟೆ ಸೇರುತ್ತಿದ್ದ ಗೋಧಿ: ಒಂದು ಸೀಲಿಯಾಕ್ ಪ್ರಕರಣ

ಆಹಾರ ಸಲಹೆಗಾರ್ತಿಯಾಗಿ ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಹತ್ತಿರದಿಂದ ನೋಡಿದ ಪ್ರಕರಣ ಇದು. ಸಂಬಂಧಪಟ್ಟ ಮಹಿಳೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಉದ್ಯೋಗ, ಪ್ರಯಾಣ ಮಾಡಿದ ದೇಶ ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಏನು ನಿರ್ಧಾರ ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಆಕೆಗೆ ಆಗ ನಲವತ್ತರ ಹತ್ತಿರದ ವಯಸ್ಸು. ಮನೆಯಲ್ಲಿ ಪತಿ ಮತ್ತು ಇಬ್ಬರು ಮಕ್ಕಳು. ಮೂರು ವರ್ಷಗಳಿಂದ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. ನುಂಗುತ್ತಿರುವಷ್ಟು ದಿನ ಹಿಮೋಗ್ಲೋಬಿನ್ 9ರಿಂದ ತುಸು ಮೇಲೇರುವುದು, ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಅಲ್ಲಿಗೇ ಇಳಿಯುವುದು, ಹೀಗೇ ನಡೆದಿತ್ತು. ಭೇದಿ ಇರಲಿಲ್ಲ, ತೂಕ ಕಳೆದುಕೊಂಡಿರಲಿಲ್ಲ, ಹೊಟ್ಟೆ ಉಬ್ಬರವನ್ನು ಆಕೆ ಕಾಯಿಲೆ ಎಂದು ಎಣಿಸಿಯೇ ಇರಲಿಲ್ಲ. ಹೀಗಾಗಿ ಕರುಳಿನ ಕಡೆಗೆ ಯಾರ ಗಮನವೂ ಹರಿಯಲಿಲ್ಲ. ಕಬ್ಬಿಣಾಂಶ ಮುಖ್ಯವಾಗಿ ಹೀರಲ್ಪಡುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಹೆಚ್ಚಾಗಿ ಹಾನಿ ಮಾಡುವುದೂ ಅಲ್ಲಿಯೇ. ಮಾತ್ರೆಗೆ ಬಗ್ಗದ ರಕ್ತಹೀನತೆಯೊಂದೇ ಈ ಕಾಯಿಲೆಯ ಹೊರಗುರುತಾಗಿರುವುದು ವಯಸ್ಕರಲ್ಲಿ ಅಪರೂಪವೇನಲ್ಲ.

ಮೊದಲ ತಿರುವು ಬಂದದ್ದು ಒಂದು ತಪ್ಪಿನಿಂದ. ಗೆಳತಿಯೊಬ್ಬರ ಮಾತು ಕೇಳಿ ಆಕೆ ತಾವಾಗಿಯೇ ಗೋಧಿ ಬಿಟ್ಟರು, ಮೈ ಹಗುರವಾದಂತೆ ಅನ್ನಿಸಿತು. ಅದಾಗಿ ಎರಡು ತಿಂಗಳ ಮೇಲೆ ವೈದ್ಯರು ಸೀಲಿಯಾಕ್‌ನ ರಕ್ತಪರೀಕ್ಷೆ ಬರೆದುಕೊಟ್ಟಾಗ ಪ್ರತಿಕಾಯದ ಮಟ್ಟ ಮಿತಿಯ ಅಂಚಿನಲ್ಲಿ ಬಂತು: ಇದೆ ಎನ್ನುವಂತೆಯೂ ಇಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಗ್ಲುಟೆನ್ ಹೊಟ್ಟೆಗೆ ಬೀಳುತ್ತಿದ್ದರಷ್ಟೇ ದೇಹ ಆ ಪ್ರತಿಕಾಯವನ್ನು ತಯಾರಿಸುತ್ತದೆ. ಗೋಧಿ ಬಿಟ್ಟು ಪರೀಕ್ಷೆಗೆ ಹೋಗುವುದೆಂದರೆ ಬೆಂಕಿ ಆರಿಸಿದ ಮೇಲೆ ಹೊಗೆ ಹುಡುಕಿದಂತೆ. ಆರು ವಾರ ಮತ್ತೆ ದಿನವೂ ಬ್ರೆಡ್ ತಿಂದು ಬರಬೇಕೆಂದು ವೈದ್ಯರು ಹೇಳಿದಾಗ ಆಕೆಗೆ ಸಿಟ್ಟೇ ಬಂದಿತ್ತಂತೆ. ಆದರೆ ಜೀವನಪೂರ್ತಿ ಪಾಲಿಸಬೇಕಾದ ಒಂದು ಕಟ್ಟುಪಾಡನ್ನು ಅನುಮಾನದ ಮೇಲೆ ಕಟ್ಟಿಕೊಳ್ಳಲಾಗದು ಎಂಬ ಅವರ ವಾದಕ್ಕೆ ಕೊನೆಗೆ ಒಪ್ಪಿದರು. ಆರು ವಾರದ ನಂತರ ಟಿಟಿಜಿ-ಐಜಿಎ ಎಂಬ ಆ ಪ್ರತಿಕಾಯ ಸಾಮಾನ್ಯ ಮಿತಿಯ ಹತ್ತು ಪಟ್ಟನ್ನು ದಾಟಿತ್ತು. ಎಂಡೋಸ್ಕೋಪಿಯಲ್ಲಿ ತೆಗೆದ ತುಣುಕುಗಳಲ್ಲಿ ಕರುಳಿನ ಒಳಗೋಡೆಯ ಬೆರಳಿನಂಥ ಮಡಿಕೆಗಳು ಸವೆದು ಚಪ್ಪಟೆಯಾಗಿರುವುದು, ಅಂದರೆ ಕರುಳಿನ ಹಾನಿಯನ್ನು ಅಳೆಯುವ ಮಾರ್ಷ್ ಶ್ರೇಣಿಯ 3ನೇ ಹಂತ, ಕಾಣಿಸಿತು.

ಸಮಸ್ಯೆ

ಗೋಧಿ, ಜವೆಗೋಧಿ, ರೈ ಈ ಮೂರು ಧಾನ್ಯಗಳನ್ನೂ ಅವುಗಳಿಂದ ಆದದ್ದನ್ನೂ ಬಿಡಬೇಕೆಂಬ ಪಟ್ಟಿಯೊಂದು ಆಕೆಯ ಕೈಗೆ ಬಂತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಚಾಚೂ ತಪ್ಪದೆ ಪಾಲಿಸಿದರು. ಒಂದು ತಿಂಗಳಲ್ಲಿ ಉಬ್ಬರ ಹೋಯಿತು, ದಣಿವು ಕಡಿಮೆಯಾಯಿತು. ಎಲ್ಲ ಸರಿಹೋಯಿತೆಂದು ಮನೆಯವರೆಲ್ಲ ನಂಬಿದ್ದಾಗ, ಎಂಟನೆಯ ತಿಂಗಳ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಹತ್ತು ಪಟ್ಟಿನಿಂದ ಆರು ಪಟ್ಟಿಗೆ ಮಾತ್ರ ಇಳಿದಿತ್ತು. ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಮೇಲೇಳಲೇ ಇಲ್ಲ. ಅಷ್ಟು ಹೊತ್ತಿಗೆ ಇಳಿತ ಇನ್ನೂ ಸ್ಪಷ್ಟವಾಗಿರಬೇಕಿತ್ತು. ವೈದ್ಯರು ಆಕೆಯನ್ನು ನನ್ನ ಬಳಿ ಕಳಿಸಿದ್ದು ಆಗ.

ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಕಡತ ಓದಿದೊಡನೆ ನನಗೆ ಹೊಳೆದದ್ದು, ಆಕೆ ಬಾಯಿ ಕಟ್ಟಿಲ್ಲ ಎಂಬುದೇ. ಎರಡು ವಾರ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದೆ. ತಂದ ಪುಸ್ತಕದಲ್ಲಿ ಒಂದು ಬಿಸ್ಕತ್ತಿನ ಸುಳಿವೂ ಇರಲಿಲ್ಲ. ಮಾತ್ರೆಗಳಲ್ಲಿ ಬಳಸಿದ ಪಿಷ್ಟ ಯಾವುದರದ್ದೆಂಬುದನ್ನು ಕೂಡ ಔಷಧಿ ಅಂಗಡಿಯಲ್ಲಿ ವಿಚಾರಿಸಿ ಬರೆದಿದ್ದರು. ಇಷ್ಟು ಶ್ರದ್ಧೆಯವರ ರಕ್ತದಲ್ಲಿ ಪ್ರತಿಕಾಯ ಉಳಿದಿದೆಯೆಂದರೆ, ಹುಡುಕಬೇಕಾದದ್ದು ಆಕೆ ತಿನ್ನುವ ಪದಾರ್ಥಗಳಲ್ಲಲ್ಲ, ಅವು ಹಾದುಬರುವ ದಾರಿಯಲ್ಲಿ ಎಂದು ನನಗೆ ತೋರಿತು.

ಇಲ್ಲಿ ನಮ್ಮ 'ಪಥ್ಯ' ಎಂಬ ಪದವೇ ಕೊಂಚ ದಾರಿ ತಪ್ಪಿಸುತ್ತದೆ. ಪಥ್ಯವೆಂದರೆ ಕಾಯಿಲೆ ವಾಸಿಯಾಗುವವರೆಗೆ ಬಾಯಿ ಕಟ್ಟುವುದು; ಒಂದು ದಿನ ಮುರಿದರೆ ಮರುದಿನ ಸರಿಮಾಡಿಕೊಂಡರಾಯಿತು ಎಂಬ ಸಲಿಗೆ ಅದರೊಳಗೇ ಇದೆ. ಸೀಲಿಯಾಕ್ ಹಾಗಲ್ಲ. ಗ್ಲುಟೆನ್ ಒಳಹೊಕ್ಕಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ, ಮತ್ತು ಆ ಪ್ರವೃತ್ತಿ ಜೀವಮಾನವಿಡೀ ಉಳಿಯುತ್ತದೆ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಗೋಧಿಯೇ ಇದರ ಮೂಲವೆಂದು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದಂದಿನಿಂದ ಇಂದಿನವರೆಗೂ ಚಿಕಿತ್ಸೆಯ ಬುಡ ಒಂದೇ: ಗ್ಲುಟೆನ್ ಪೂರ್ತಿಯಾಗಿ ಬಿಡುವುದು.

ಅಡುಗೆಮನೆಯಲ್ಲಿ ಒಂದು ಬೆಳಗು

ನಾನು ಅವರ ಮನೆಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲೊಂದು ಕುರ್ಚಿ ಹಾಕಿಕೊಂಡು, ಬೆಳಗಿನ ಒಂದು ಗಂಟೆ ಏನೂ ಮಾತನಾಡದೆ ನೋಡುತ್ತ ಕುಳಿತೆ. ಪತಿ ಮಕ್ಕಳಿಗಾಗಿ ಬ್ರೆಡ್ ಸುಟ್ಟು, ಅದಕ್ಕೆ ಬೆಣ್ಣೆ ಸವರಿ, ಅದೇ ಚಾಕುವನ್ನು ಮತ್ತೆ ಬೆಣ್ಣೆಯ ಡಬ್ಬಿಗೆ ಅದ್ದಿದರು. ಬೆಣ್ಣೆಯ ಮೇಲೆ ಕಂದು ಬಣ್ಣದ ನಾಲ್ಕಾರು ಚೂರುಗಳು ಉಳಿದವು. ಐದು ನಿಮಿಷ ಬಿಟ್ಟು ಆಕೆ ಅದೇ ಡಬ್ಬಿಯಿಂದ ತಮ್ಮ ತಿಂಡಿಗೆ ಬೆಣ್ಣೆ ತೆಗೆದುಕೊಂಡರು. ಗ್ಲುಟೆನ್ ರಹಿತವೆಂದು ಹೆಚ್ಚು ಬೆಲೆ ಕೊಟ್ಟು ತಂದಿದ್ದ ಆಕೆಯ ಬ್ರೆಡ್ಡನ್ನೂ ಅದೇ ಟೋಸ್ಟರಿನಲ್ಲಿ ಸುಟ್ಟರು. ಮಗ ಮೇಜು ಒರೆಸಿದ ಒದ್ದೆ ಬಟ್ಟೆಯಿಂದಲೇ ಆಕೆಯ ತಟ್ಟೆಯನ್ನೂ ಒರೆಸಿಕೊಟ್ಟ.

ಗೋಡೆಯ ಮೊಳೆಗೆ ಒಂದು ಜರಡಿ ತೂಗುಹಾಕಿತ್ತು. ಭಾನುವಾರ ಕೇಕಿಗೆಂದು ಮೈದಾ ಜರಡಿ ಹಿಡಿದದ್ದು ಅದರಲ್ಲೇ, ಆಕೆ ಅಕ್ಕಿಹಿಟ್ಟು ಜರಡಿ ಹಿಡಿಯುತ್ತಿದ್ದದ್ದೂ ಅದರಲ್ಲೇ. "ಪ್ರತಿ ಸಲ ತೊಳೆದಿಡುತ್ತೇವೆ ಮೇಡಂ" ಎಂದರು ಪತಿ. ಒಂದು ಕಪ್ಪು ಕಾಗದ ಕೇಳಿ ತೆಗೆದುಕೊಂಡು, ಜರಡಿಯನ್ನು ಅದರ ಮೇಲೆ ಎರಡು ಸಲ ತಟ್ಟಿದೆ. ಬಲೆಯೂ ಚೌಕಟ್ಟೂ ಸೇರುವ ಸಂದಿಯಿಂದ ಬಿಳಿಯ ದೂಳು ಸಣ್ಣಗೆ ಉದುರಿ, ಕಾಗದದ ಮೇಲೆ ಉಂಗುರದಂತೆ ಕೂತಿತು. ಆ ಬೆಳಗಿನಲ್ಲಿ ನಾನು ಆಡಿದ ಎಲ್ಲ ಮಾತಿಗಿಂತ ಆ ಉಂಗುರವೇ ಹೆಚ್ಚು ಹೇಳಿತು ಎಂದು ಆಕೆ ಆಮೇಲೆ ಹಲವು ಸಲ ಹೇಳಿದ್ದುಂಟು.

"ಇಷ್ಟು ಚೂರಿನಿಂದಲೇ ಹೀಗಾಗುತ್ತದೆಯೆ?" ಎಂದು ಪತಿ ಕೇಳಿದ ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಲೆಕ್ಕದಲ್ಲೇ ಉತ್ತರ ಹೇಳಬೇಕಾಯಿತು. ಒಂದು ಹೋಳು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ, ಅಂದರೆ 2,000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. 2007ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ನನ್ನು 90 ದಿನ ಸೇವಿಸಿದ ರೋಗಿಗಳ ಕರುಳಿನಲ್ಲಿ ಹಾನಿ ಕಂಡುಬಂತು. ಅದು ಬ್ರೆಡ್ ಹೋಳೊಂದರ ನಲವತ್ತನೇ ಒಂದು ಪಾಲು. ದಿನಕ್ಕೆ 10 ಮಿಲಿಗ್ರಾಂ ದಾಟಬಾರದೆಂದು ಸಾಮಾನ್ಯವಾಗಿ ಹೇಳುವುದು ಇಂಥ ಅಧ್ಯಯನಗಳ ಆಧಾರದ ಮೇಲೆ. ಅದು ಇನ್ನೂರನೇ ಒಂದು ಪಾಲು. ಕೋಡೆಕ್ಸ್ ಅಲಿಮೆಂಟೇರಿಯಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಗ್ಲುಟೆನ್ ರಹಿತ ಎಂದು ಮುದ್ರಿಸಬೇಕಾದರೆ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಅಂಥ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ 10 ಮಿಲಿಗ್ರಾಂ ದಾಟುವುದಿಲ್ಲ. ಟೋಸ್ಟರಿನ ತಳದ ತಟ್ಟೆಯಲ್ಲಿ ಬಿದ್ದಿದ್ದ ಚೂರುಗಳ ಮುಂದೆ ನಿಂತು ಈ ಲೆಕ್ಕ ಹೇಳಿದಾಗ ಪತಿ ಮರುಮಾತಾಡಲಿಲ್ಲ. ಬೇಯಿಸಿದರೂ ಹುರಿದರೂ ಗ್ಲುಟೆನ್ ಸಾಯುವುದಿಲ್ಲ, ಏಕೆಂದರೆ ಅದು ಜೀವಾಣುವಲ್ಲ, ಪ್ರೋಟೀನು. ಉಜ್ಜಿ ತೊಳೆದು ತೆಗೆಯಬೇಕಷ್ಟೆ, ಉಜ್ಜಲಾಗದ ಸಂದಿಗಳಿದ್ದರೆ ಆ ಪಾತ್ರೆಯನ್ನೇ ಬಿಡಬೇಕು.

ಏನೇನು ಮಾಡಿ ನೋಡಿದೆವು

ಮೊದಲು ಮಾಡಿದ್ದು ಅಡುಗೆಮನೆಯನ್ನು ಪಾಲು ಮಾಡುವ ಕೆಲಸ. ಆಕೆಗೆ ಬೇರೆ ಟೋಸ್ಟರು, ಬೇರೆ ಜರಡಿ, ಬೇರೆ ಬಸಿಯುವ ಜಾಲರಿ, ಮರದ ಸೌಟು ಮತ್ತು ಹಲಗೆ ಹೊಸದು, ಬೆಣ್ಣೆ ಜ್ಯಾಮುಗಳಿಗೆ ಕೆಂಪು ಪಟ್ಟಿ ಹಚ್ಚಿದ ಡಬ್ಬಿ. ಗೋಧಿಯ ಡಬ್ಬಿಗಳು ಕೆಳಗಿನ ಕಪಾಟಿಗೆ ಇಳಿದವು, ಮೇಲಿನಿಂದ ದೂಳು ಉದುರದಿರಲಿ ಎಂದು. ಮೂರು ತಿಂಗಳಲ್ಲಿ ಪ್ರತಿಕಾಯ ಆರು ಪಟ್ಟಿನಿಂದ ನಾಲ್ಕು ಪಟ್ಟಿಗೆ ಬಂತು. ಸುಧಾರಣೆ ನಿಜ, ಆದರೆ ಇಷ್ಟೆಲ್ಲ ಮಾಡಿದ ಮೇಲೆ ನಾನು ನಿರೀಕ್ಷಿಸಿದ್ದಷ್ಟಲ್ಲ.

ಉಳಿದ ಪಾಲು ಅಕ್ಕಿಹಿಟ್ಟಿನಲ್ಲಿತ್ತು. ಆಕೆ ದಿನಕ್ಕೆ ಸುಮಾರು 200 ಗ್ರಾಂ ಅಕ್ಕಿಹಿಟ್ಟು ಬಳಸುತ್ತಿದ್ದರು, ಅದು ಬಿಡಿಯಾಗಿ ತೂಗಿ ಕೊಡುವ ಹಿಟ್ಟು. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲವೆಂಬುದು ನಿಜವಾದ್ದರಿಂದ ನಾನೂ ಅದನ್ನು ಪ್ರಶ್ನಿಸಿರಲಿಲ್ಲ. ಇದು ನನ್ನ ತಪ್ಪು. ಸ್ವಭಾವತಃ ಗ್ಲುಟೆನ್ ಇಲ್ಲದ ಧಾನ್ಯ ಮತ್ತು ಹಿಟ್ಟುಗಳ 22 ಮಾದರಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ 7 ಮಾದರಿಗಳು ಕಿಲೋಗೆ 20 ಮಿಲಿಗ್ರಾಂ ಮಿತಿಯನ್ನು ಮೀರಿದ್ದವು. ಈ ಮನೆಯ ಹಿಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಕಿಲೋಗೆ ಸುಮಾರು 180 ಮಿಲಿಗ್ರಾಂ ಬಂತು. ವಿಚಾರಿಸಿದಾಗ ಗೋಧಿಯನ್ನೂ ಅಕ್ಕಿಯನ್ನೂ ಬೀಸುವ ಯಂತ್ರ ಒಂದೇ ಎಂದು ತಿಳಿಯಿತು. 200 ಗ್ರಾಂಗೆ 36 ಮಿಲಿಗ್ರಾಂ, ಪ್ರತಿದಿನ. ಹೊಟ್ಟೆಯಲ್ಲಿ ಏನೂ ಆಗುತ್ತಿರಲಿಲ್ಲವಾದ್ದರಿಂದ ಆಕೆಗೆ ಸಂಶಯ ಬರುವ ದಾರಿಯೇ ಇರಲಿಲ್ಲ. ಈ ಕಾಯಿಲೆಯಲ್ಲಿ ಹೊಟ್ಟೆಯ ಸಾಕ್ಷ್ಯವನ್ನು ನಂಬಿ ಕೂರುವಂತಿಲ್ಲ ಎಂದು ನಾನು ಅಲ್ಲಿಯವರೆಗೆ ಇತರರಿಗೆ ಹೇಳುತ್ತಿದ್ದೆ. ನನಗೇ ಅದು ಮನದಟ್ಟಾದದ್ದು ಈ ಪ್ರಕರಣದಲ್ಲಿ. ಅಂದಿನಿಂದ ಗ್ಲುಟೆನ್ ರಹಿತವೆಂದು ಪ್ರಮಾಣೀಕರಿಸಿದ ಹಿಟ್ಟು ಮಾತ್ರ ಮನೆಗೆ ಬಂತು.

ಇದೇ ಹೊತ್ತಿಗೆ ಮಕ್ಕಳ ಪರೀಕ್ಷೆಯೂ ನಡೆಯಿತು. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವ ಸಂಭವವಿದ್ದು, ಲಕ್ಷಣವಿಲ್ಲದಿದ್ದರೂ ಪರೀಕ್ಷಿಸುವುದು ರೂಢಿ. ಆಟ, ಊಟ, ಓದು ಯಾವುದರಲ್ಲೂ ಕೊರತೆಯಿಲ್ಲದ ಕಿರಿಯ ಮಗಳ ಪರೀಕ್ಷೆ ಪಾಸಿಟಿವ್ ಬಂತು, ಮುಂದೆ ಅದು ಖಚಿತವೂ ಆಯಿತು. ಕೆಂಪು ಪಟ್ಟಿಯ ಏರ್ಪಾಡು ಅಂದಿಗೆ ಮುಗಿಯಿತು. ವಯಸ್ಕರೊಬ್ಬರು ಎಚ್ಚರದಿಂದ ನಿಭಾಯಿಸಬಹುದಾದ ಪಾಲು ಅಡುಗೆಮನೆಯನ್ನು ಎಂಟು ವರ್ಷದ ಮಗು ನಿಭಾಯಿಸಲಾರದು. ಮನೆಯೊಳಗೆ ಗೋಧಿ ಬೇಡವೆಂದು ಮೊದಲು ಹೇಳಿದವರು ಪತಿ. ತಮ್ಮ ಬ್ರೆಡ್ಡನ್ನು ಕಚೇರಿಯಲ್ಲಿ ತಿಂದು, ಕೈ ತೊಳೆದು ಮನೆಗೆ ಬರುವುದಾಗಿ ಅವರೇ ಸೂಚಿಸಿದರು. ಎಲ್ಲ ಮನೆಗಳಿಗೂ ಇದನ್ನೇ ಹೇಳಬೇಕೆಂದು ನನಗನ್ನಿಸುವುದಿಲ್ಲ, ಒಬ್ಬರೇ ರೋಗಿಯಿದ್ದು ಶಿಸ್ತಿದ್ದರೆ ಪಾಲು ಅಡುಗೆಮನೆ ಸಾಗುತ್ತದೆ. ಇಲ್ಲಿ ಅದು ಸಾಗುತ್ತಿರಲಿಲ್ಲ.

ಮನೆಯಿಂದ ಹೊರಗೆ

ಮನೆಯ ಕಥೆ ಒಂದು ಹದಕ್ಕೆ ಬಂದಾಗ ಹೊರಗಿನದು ಕೆಟ್ಟಿತು. ಎರಡು ದಿನದ ಸಣ್ಣ ಪ್ರವಾಸವೊಂದರಲ್ಲಿ ಆಕೆ ಹೋಟೆಲಿನವರನ್ನು ಕೇಳಿಯೇ ಕರಿದ ಆಲೂಗಡ್ಡೆ ತಿಂದರು. ಅದರಲ್ಲಿ ಗೋಧಿ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂಬ ಪ್ರಾಮಾಣಿಕ ಉತ್ತರ ಬಂದಿತ್ತು. ಆದರೆ ಆ ಎಣ್ಣೆಯಲ್ಲಿ ಬೆಳಗಿನಿಂದ ಹಿಟ್ಟಿನಲ್ಲಿ ಅದ್ದಿದ ತಿನಿಸುಗಳೂ ಬೆಂದಿದ್ದವು. ಗ್ಲುಟೆನ್ ಕಡಿಮೆಯಾಗುತ್ತ ಬಂದ ದೇಹ ಈಗ ತಡೆದುಕೊಳ್ಳಲಿಲ್ಲ. ಮೂರು ಗಂಟೆಯೊಳಗೆ ವಾಂತಿ ಶುರುವಾಯಿತು.

ಅದರ ಪರಿಣಾಮವಾಗಿ ಬಂದ ಹೆದರಿಕೆ, ನನ್ನ ಅಂದಾಜಿನಲ್ಲಿ, ಆ ವಾಂತಿಗಿಂತ ದೊಡ್ಡ ಹಾನಿ. ನಾಲ್ಕು ತಿಂಗಳು ಆಕೆ ಹೊರಗೆ ಒಂದು ಲೋಟ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮನೆಯಲ್ಲೂ ಅನ್ನ, ಮೊಟ್ಟೆ, ಬಾಳೆಹಣ್ಣುಗಳಿಗೆ ಊಟ ಕುಗ್ಗಿತು. ನಾಲ್ಕು ಕಿಲೋ ತೂಕ ಇಳಿಯಿತು. ತಟ್ಟೆ ಕಿರಿದಾದಷ್ಟೂ ಕ್ಷೇಮ ಎಂಬ ಈ ತರ್ಕ ಕೇಳಲು ಸರಿಯೆನಿಸಿದರೂ, ನಾರು, ಕಬ್ಬಿಣ, ಬಿ ಜೀವಸತ್ವಗಳ ಕೊರತೆಯಿಂದ ಆಗಲೇ ಬಳಲಿದ್ದ ದೇಹಕ್ಕೆ ಅದು ಎರಡನೆಯ ಪೆಟ್ಟು. ಬೇಳೆಕಾಳು, ಸೊಪ್ಪು, ಜೋಳ, ಸಿರಿಧಾನ್ಯ, ಹೆಸರಿನಲ್ಲಷ್ಟೇ ಗೋಧಿಯ ನಂಟಿರುವ ಬಕ್‌ವೀಟ್ ಇವನ್ನು ವಾರಕ್ಕೊಂದರಂತೆ ಮತ್ತೆ ಸೇರಿಸಿದೆವು. ಓಟ್ಸನ್ನು ಮಾತ್ರ ಮುಂದಕ್ಕೆ ಹಾಕಿದೆ. ಶುದ್ಧ ಓಟ್ಸ್ ಹೆಚ್ಚಿನ ರೋಗಿಗಳಿಗೆ ಒಗ್ಗುತ್ತದೆ, ಆದರೆ ಎಲ್ಲರಿಗೂ ಅಲ್ಲ, ಪ್ರತಿಕಾಯ ಇನ್ನೂ ಇಳಿಯುತ್ತಿರುವಾಗ ಹೊಸದೊಂದನ್ನು ಸೇರಿಸಿ ಲೆಕ್ಕ ಗೋಜಲು ಮಾಡಿಕೊಳ್ಳುವುದು ಬೇಡವೆನಿಸಿತು.

ಅಷ್ಟರಲ್ಲಿ ಕೆಲಸದ ನಿಮಿತ್ತ ಒಂಬತ್ತು ದಿನದ ವಿದೇಶ ಪ್ರಯಾಣ ಬಂತು. ಹೋಗುವುದಿಲ್ಲವೆಂದು ಬರೆದ ಪತ್ರವನ್ನು ಆಕೆ ನನಗೆ ತೋರಿಸಿದರು. ಕಳಿಸಬೇಡಿ ಎಂದು ನಾನು ಹೇಳಲಿಲ್ಲ. ಒಂದು ವಾರ ತಡೆದು ಕಳಿಸಿ, ಅಷ್ಟರಲ್ಲಿ ಏನೇನು ಏರ್ಪಾಡು ಸಾಧ್ಯವೆಂದು ನೋಡೋಣ ಎಂದೆ. ಪತ್ರ ಹೋಗಲಿಲ್ಲ.

ಆ ವಾರದಲ್ಲಿ ಮಾಡಿದ ಏರ್ಪಾಡುಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಎರಡು. ಒಂದು, ಒಲೆ ಮತ್ತು ಸಣ್ಣ ಫ್ರಿಜ್ ಇರುವ ಕೋಣೆಯನ್ನೇ ಹುಡುಕಿ ಕಾಯ್ದಿರಿಸಿದ್ದು. ಕಚೇರಿ ಗೊತ್ತುಮಾಡಿದ್ದ ಹೋಟೆಲಿಗಿಂತ ಅದು ದೂರವಿತ್ತು, ಆದರೆ ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಆಕೆಯ ಕೈಯಲ್ಲೇ ಉಳಿದವು. ಅಪರಿಚಿತರನ್ನು ನಂಬಬೇಕಾದ ಹೊತ್ತು ದಿನಕ್ಕೊಂದಕ್ಕೆ ಇಳಿಯಿತು. ಇನ್ನೊಂದು, ಆ ದೇಶದ ಭಾಷೆಯಲ್ಲಿ ಬರೆಸಿದ ಚೀಟಿ. ಮೊದಲ ಕರಡಿನಲ್ಲಿ "ನನಗೆ ಗ್ಲುಟೆನ್ ಆಗುವುದಿಲ್ಲ" ಎಂದಷ್ಟೇ ಇತ್ತು. ಅದನ್ನು ಓದಿದ ಅಡುಗೆಯವರು ಏನು ಮಾಡಬೇಕೆಂದು ತಿಳಿಯುವುದಾದರೂ ಹೇಗೆ? ತಿದ್ದಿದ ಚೀಟಿಯಲ್ಲಿ ಧಾನ್ಯಗಳ ಹೆಸರು ಎರಡು ಸಾಲು, ಉಳಿದದ್ದೆಲ್ಲ ಕೆಲಸ: ಕೈ ತೊಳೆಯಿರಿ, ತೊಳೆದ ಬಾಣಲೆ ಬಳಸಿ, ಹೊಸ ಎಣ್ಣೆ ಹಾಕಿ, ಸಾಸ್ ಹಾಕಬೇಡಿ, ಇದು ಸಾಧ್ಯವಿಲ್ಲವಾದರೆ ದಯವಿಟ್ಟು ಹೇಳಿ, ಬೇಸರವಿಲ್ಲ. ಕೊನೆಯ ಸಾಲನ್ನು ಸೇರಿಸಿದ್ದು ಆಕೆ. ಅದನ್ನು ಓದಿ ಎರಡು ಹೋಟೆಲಿನವರು "ಸಾಧ್ಯವಿಲ್ಲ" ಎಂದರಂತೆ, ಆ ಎರಡು ಉತ್ತರಗಳನ್ನು ನಾನು ಈ ಪ್ರವಾಸದ ದೊಡ್ಡ ಯಶಸ್ಸುಗಳಲ್ಲಿ ಎಣಿಸುತ್ತೇನೆ.

ವಿಮಾನದ ಊಟವನ್ನು ಮುಂಚಿತವಾಗಿ ಕಾಯ್ದಿರಿಸಿ, ಹೊರಡುವ ಎರಡು ದಿನ ಮೊದಲು ಮತ್ತೆ ಖಚಿತಪಡಿಸಿಕೊಂಡಿದ್ದರು. ಗ್ಲುಟೆನ್ ರಹಿತ ಊಟಕ್ಕೆ ವಿಮಾನಯಾನದಲ್ಲಿ ಜಿಎಫ್‌ಎಂಎಲ್ ಎಂಬ ಸಂಕೇತವಿದೆ. ಟಿಕೆಟ್ಟಿನಲ್ಲಿ ಆ ನಾಲ್ಕಕ್ಷರ ಬಿದ್ದಿದೆಯೇ ಎಂದು ನೋಡಿಕೊಳ್ಳುವುದು ಫೋನಿನಲ್ಲಿ ಹತ್ತು ಸಲ ವಿವರಿಸುವುದಕ್ಕಿಂತ ಮೇಲು. ಹೀಗಿದ್ದೂ ಮರಳುವಾಗ ಒಂದು ಎಡವಟ್ಟಾಯಿತು. ಮುಚ್ಚಿದ ತಟ್ಟೆ ಸರಿಯಾಗಿಯೇ ಬಂತು, ಆದರೆ ಸಿಬ್ಬಂದಿ ಎಲ್ಲರಿಗೂ ಕೊಡುವಂತೆ ಅದರ ಪಕ್ಕಕ್ಕೆ ಸಾಮಾನ್ಯ ಬನ್ನೊಂದನ್ನು ಇಟ್ಟುಹೋದರು. ವಿಶೇಷ ಊಟದ ಜೊತೆ ಬಂದದ್ದೆಂದು ನಂಬಿ ತಿಂದುಬಿಡುವುದು ಎಷ್ಟು ಸುಲಭ! ಆಕೆ ಪೊಟ್ಟಣದ ಮೇಲಿನ ಅಕ್ಷರ ಓದಿ, ಅದನ್ನು ಪಕ್ಕಕ್ಕಿಟ್ಟು, ಚೀಲದಲ್ಲಿದ್ದ ತಮ್ಮ ಬುತ್ತಿ ತೆಗೆದರು. ಬುತ್ತಿಗೂ ಕಟ್ಟಳೆಗಳಿವೆ: ಮುದ್ದೆಯಾಗಿಯೋ ದ್ರವವಾಗಿಯೋ ಇರುವುದು ಹಲವೆಡೆ ಭದ್ರತಾ ತಪಾಸಣೆಯಲ್ಲಿ 100 ಮಿಲಿಲೀಟರಿನ ಮಿತಿಗೆ ಒಳಪಡುತ್ತದೆ, ಹಣ್ಣು, ಹಾಲಿನ ಪದಾರ್ಥ, ಮಾಂಸಗಳನ್ನು ಎಷ್ಟೋ ದೇಶಗಳು ಗಡಿಯೊಳಗೆ ಬಿಡುವುದಿಲ್ಲ. ಒಣ ಪದಾರ್ಥವನ್ನು ಮೊಹರು ಒಡೆಯದ ಪೊಟ್ಟಣದಲ್ಲೇ ಒಯ್ಯಲು ಹೇಳಿದ್ದು ಅದಕ್ಕಾಗಿ.

ನಿಜವಾಗಿ ಪೆಟ್ಟು ಬಿದ್ದದ್ದು ಐದನೆಯ ದಿನ, ಪ್ರೀತಿಯ ಜಾಗದಲ್ಲಿ. ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದು, ಎಲ್ಲವನ್ನೂ ಕೇಳಿ ತಿಳಿದು, ಹೊಸ ಬಾಣಲೆಯನ್ನೇ ಕೊಂಡುತಂದು ಅಡುಗೆ ಮಾಡಿದ್ದರು. ತರಕಾರಿಗೆ ಸುರಿದ ಸೋಯಾ ಸಾಸಿನಲ್ಲಿ ಗೋಧಿಯೂ ಇರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಆಕೆಗೆ ಗೊತ್ತಿತ್ತು, ತಟ್ಟೆಯ ಕಂದು ಬಣ್ಣ ಕಂಡು ಅನುಮಾನವೂ ಬಂದಿತ್ತು. "ಅಷ್ಟು ಅಕ್ಕರೆಯಿಂದ ಮಾಡಿದವರ ಮುಂದೆ ಬಾಟಲಿ ತೋರಿಸಿ ಎನ್ನಲು ಬಾಯಿ ಬರಲಿಲ್ಲ" ಎಂದು ಆಕೆ ಆಮೇಲೆ ಹೇಳಿದರು. ರಾತ್ರಿಯೆಲ್ಲ ವಾಂತಿ, ಮರುದಿನ ಒಂದು ಸಭೆ ತಪ್ಪಿತು. ಒಳಹೋದ ಗ್ಲುಟೆನ್ನಿಗೆ ಮದ್ದಿಲ್ಲ. ನೀರು, ಲವಣ, ವಿಶ್ರಾಂತಿ ಅಷ್ಟೆ. ಹೋಟೆಲಿನವರಿಗೆ ಚೀಟಿ ಕೊಡುವಾಗ ಇಲ್ಲದ ಸಂಕೋಚ ಸ್ನೇಹಿತರ ಮನೆಯಲ್ಲಿ ಇರುತ್ತದೆ ಎಂಬುದನ್ನು ನಾವಿಬ್ಬರೂ ಯೋಜನೆಯಲ್ಲಿ ಲೆಕ್ಕ ಹಾಕಿರಲಿಲ್ಲ. ಈಗ ನಾನು ಪ್ರಯಾಣಕ್ಕೆ ಹೊರಟ ಯಾರಿಗೇ ಆಗಲಿ, ಕರೆದವರ ಮನೆಗೆ ಅಡುಗೆಗೆ ಮುಂಚೆಯೇ ಹೋಗಿ ಜೊತೆಯಲ್ಲಿ ಅಡುಗೆ ಮಾಡಿ, ಆಗದಿದ್ದರೆ ಊಟ ಮುಗಿಸಿ ಹೋಗಿ ಎಂದು ಮೊದಲೇ ಹೇಳುತ್ತೇನೆ. ಬಾಟಲಿಯ ಪ್ರಶ್ನೆಯನ್ನು ತಟ್ಟೆ ಮುಂದಿರುವಾಗ ಕೇಳುವುದಕ್ಕಿಂತ ಒಲೆ ಹಚ್ಚುವಾಗ ಕೇಳುವುದು ಇಬ್ಬರಿಗೂ ಸುಲಭ.

ಇಂದಿನ ಸ್ಥಿತಿ

ಪ್ರಯಾಣದಿಂದ ಮರಳಿ ಮೂರು ತಿಂಗಳಿಗೆ ಮಾಡಿದ ಪರೀಕ್ಷೆಯಲ್ಲಿ ಪ್ರತಿಕಾಯ ಏರಿರಲಿಲ್ಲ, ಇಳಿಯುತ್ತಲೇ ಇತ್ತು. ಒಂದು ರಾತ್ರಿಯ ಎಡವಟ್ಟು ತಿಂಗಳುಗಳ ಶ್ರಮವನ್ನು ಅಳಿಸಿಹಾಕಿತೆಂದು ಕೊರಗುತ್ತಿದ್ದ ಆಕೆಗೆ ಆ ಕಾಗದ ದೊಡ್ಡ ಸಮಾಧಾನ ತಂದಿತು. ರೋಗ ಪತ್ತೆಯಾದ ಎರಡು ವರ್ಷಕ್ಕೆ ಪ್ರತಿಕಾಯ ಸಾಮಾನ್ಯ ಮಿತಿಯೊಳಗೆ ಬಂತು, ಹಿಮೋಗ್ಲೋಬಿನ್ ಮಾತ್ರೆಯ ನೆರವಿಲ್ಲದೆ 12ರ ಮೇಲೆ ನಿಂತಿದೆ. ಮರು ಬಯಾಪ್ಸಿಯಲ್ಲಿ ಕರುಳಿನ ಮಡಿಕೆಗಳು ಬಹುಮಟ್ಟಿಗೆ ಎದ್ದಿವೆ, ಪೂರ್ತಿಯಾಗಿ ಅಲ್ಲ. ವಯಸ್ಕರಲ್ಲಿ ಇದು ಇನ್ನೂ ಕಾಲ ಹಿಡಿಯಬಹುದು. ಮೂಳೆಯ ಸಾಂದ್ರತೆ ಕಡಿಮೆಯಿರುವುದರಿಂದ ಆ ಪರೀಕ್ಷೆ ಮುಂದಿನ ವರ್ಷ ಮತ್ತೊಮ್ಮೆ ಆಗಬೇಕಿದೆ.

ಮಗಳ ಶಾಲೆಯಿಂದ ಮೂರು ದಿನದ ಪ್ರವಾಸವೊಂದು ಗೊತ್ತಾಗಿದೆ. ಕಳೆದ ಭೇಟಿಯಲ್ಲಿ ತಾಯಿ ಮಗಳಿಬ್ಬರೂ ಬಂದು ಚೀಟಿಯ ಕರಡನ್ನು ನನ್ನ ಮೇಜಿನ ಮೇಲಿಟ್ಟರು. ಬರಹ ಮಗಳದು. ಕೈ ತೊಳೆಯಿರಿ, ಬಾಣಲೆ, ಎಣ್ಣೆ ಎಲ್ಲವೂ ಇತ್ತು. ಸಾಸ್ ಎಂಬಲ್ಲಿ "ಬಾಟಲಿ ನನಗೂ ತೋರಿಸಿ, ನಾನು ಓದುತ್ತೇನೆ" ಎಂದು ಆಕೆಯೇ ತಿದ್ದಿದ್ದಳು.